ಡೈರಿಗೆ ಹೋದ ಸಾರಿನ ಸೌಟು

ನಮ್ಮ ಮನೆಯಲ್ಲಿ ಹಸು ಇರಲಿಲ್ಲ. ತುಪ್ಪಕ್ಕೆ ಬರವೂ ಇರಲಿಲ್ಲ. ಈ ಎರಡು ಮಾತನ್ನು ಅಕ್ಕಪಕ್ಕ ಇಟ್ಟು ನೋಡಬೇಕು ಅಂತ ಹನ್ನೊಂದು ವರ್ಷ ತುಂಬುವವರೆಗೂ ನನಗೆ ಹೊಳೆದಿರಲಿಲ್ಲ. ಕಡಬದ ಕೆರೆ ಏರಿ ದಾಟಿ ಎರಡು ಮೈಲಿ ನಡೆದರೆ ನಮ್ಮ ಊರು. ಹೆಂಚಿನ ಮನೆ, ಮುಂದೆ ಜಗಲಿ, ಒಳಗೆ ನಡುಮನೆ, ಅದರ ಬಲಕ್ಕೆ ಹಗಲಲ್ಲೂ ದೀಪ ಬೇಡುವ ಅಡಿಗೆಮನೆ. ಅಡಿಗೆಮನೆಯ ತೊಲೆಗೆ ಮೂರು ನೆಲುವು ಇಳಿಬಿದ್ದಿದ್ದವು. ಒಂದರಲ್ಲಿ ಮೊಸರಿನ ಗಡಿಗೆ, ಇನ್ನೊಂದರಲ್ಲಿ ಬೆಣ್ಣೆ, ಮೂರನೆಯದರಲ್ಲಿ ಮುಚ್ಚಳಕ್ಕೆ ಬಟ್ಟೆ ಕಟ್ಟಿದ ತುಪ್ಪದ ಪಾತ್ರೆ. ಹಿತ್ತಿಲ ಕೊಟ್ಟಿಗೆಯಲ್ಲಿ ಮಾತ್ರ ಹಸು ಕಟ್ಟುತ್ತಿದ್ದ ಗೂಟ ಹಾಗೇ ಇತ್ತು, ಸುತ್ತ ತೆಂಗಿನ ಮಟ್ಟೆ, ಸೌದೆ, ಹರಿದ ಚೀಲ ತುಂಬಿಕೊಂಡಿದ್ದವು. ಕಣ್ಣಾಮುಚ್ಚಾಲೆ ಆಡುವಾಗ ನಾನು ಅಲ್ಲೇ ಅಡಗಿಕೊಳ್ಳುತ್ತಿದ್ದೆ.

ಅಪ್ಪ ಊರಿನ ಹಾಲಿನ ಡೈರಿಯ ಸೆಕ್ರೆಟರಿ. ಡೈರಿ ಅಂದರೆ ದೊಡ್ಡದೇನಲ್ಲ, ಶಾಲೆಯ ಪಕ್ಕದ ಒಂದು ಕೋಣೆ, ಒಂದು ಮೇಜು, ಗೋಡೆಯಲ್ಲಿ ಒಂದು ನೋಟಿಸ್ ಬೋರ್ಡು. ಬೆಳಿಗ್ಗೆ ಸಂಜೆ ಎರಡು ಹೊತ್ತು ಊರಿನ ಹಾಲೆಲ್ಲ ಅಲ್ಲಿಗೆ ಬರುತ್ತಿತ್ತು, ತಂಬಿಗೆಯಲ್ಲಿ, ಚೊಂಬಿನಲ್ಲಿ, ಸೊಟ್ಟಾದ ಕ್ಯಾನಿನಲ್ಲಿ. ಹಾಲು ಗಟ್ಟಿ ಇದೆಯಾ, ನೀರಾ ಅಂತ ಪರೀಕ್ಷೆ ಮಾಡಬೇಕಲ್ಲ, ಅದಕ್ಕೆ ಪ್ರತಿಯೊಬ್ಬರ ಪಾತ್ರೆಯಿಂದಲೂ ಅಪ್ಪ ಮೊದಲು ಸ್ವಲ್ಪ ಹಾಲು ತೆಗೆಯುತ್ತಿದ್ದ. ಅದೇ ಸ್ಯಾಂಪಲ್. ಮಿಕ್ಕಿದ್ದನ್ನು ಆಮೇಲೆ ಲೀಟರಿನಲ್ಲಿ ಅಳೆದು ಅವರವರ ಕಾರ್ಡಿನಲ್ಲಿ ಬರೆಯುವುದು. ತೆಗೆದ ಸ್ಯಾಂಪಲ್ಲಿನಲ್ಲಿ ಪರೀಕ್ಷೆಯ ಸೀಸೆಗೆ ಹೋಗುತ್ತಿದ್ದದ್ದು ಎರಡು ಚಮಚ. ಉಳಿದದ್ದು ಮೇಜಿನ ಕೆಳಗಿನ ಸ್ಟೀಲ್ ಬಕೆಟ್ಟಿಗೆ. ಡೈರಿ ವ್ಯಾನು ಕ್ಯಾನುಗಳನ್ನು ಹೇರಿಕೊಂಡು ತುಮಕೂರಿನ ಕಡೆ ಹೋದ ಮೇಲೂ ಆ ಬಕೆಟ್ಟು ಅಲ್ಲೇ ಇರುತ್ತಿತ್ತು. ಆ ಹಾಲನ್ನು ಮಾರಿ ಸೊಸೈಟಿಗೇ ಜಮಾ ಮಾಡಬೇಕು ಅನ್ನುವುದು ರೂಲು. ಅರ್ಧವನ್ನು ಅಪ್ಪ ಟೀ ಅಂಗಡಿಗೆ ಹಾಕಿ ಜಮಾ ಮಾಡುತ್ತಿದ್ದ, ಅರ್ಧ ನಮ್ಮ ಮನೆಗೆ ಬರುತ್ತಿತ್ತು. ಹತ್ತಿಬೀಜದ ಹಿಂಡಿ ತಿಂದ ಸೀಮೆಹಸು, ಬದುವಿನ ಹುಲ್ಲು ಮೇಯ್ದ ನಾಟಿಹಸು, ಕೆರೆಯಲ್ಲಿ ಬಿದ್ದು ಹೊರಳಿದ ಎಮ್ಮೆ, ಎಲ್ಲ ಒಂದೇ ಬಕೆಟ್ಟಿನಲ್ಲಿ ಬೆರೆತಿರುತ್ತಿದ್ದವು. ಯಾವುದು ಯಾರ ಮನೆಯದು ಅಂತ ಹೇಳಲು ಬ್ರಹ್ಮನಿಂದಲೂ ಆಗುತ್ತಿರಲಿಲ್ಲ.

ಇದು ಶುರುವಾದದ್ದು ನನ್ನಿಂದ. ನನಗೆ ಎಂಟು ವರ್ಷವಾದಾಗ ಬಿಡದ ಜ್ವರ ಬಂತು. ಮೂಳೆಗೆ ಚರ್ಮ ಅಂಟಿಕೊಂಡಿತು. ತುಮಕೂರಿನ ಡಾಕ್ಟರು ಎದೆಯ ಫೋಟೋ ತೆಗೆಸಿ, ಪ್ರೈಮರಿ ಕಾಂಪ್ಲೆಕ್ಸು, ಅಂದರೆ ಮಕ್ಕಳಿಗೆ ಬರುವ ಕ್ಷಯ, ತಿಂಗಳುಗಟ್ಟಲೆ ಇಂಜೆಕ್ಷನ್ನು ಬೇಕು, ಜೊತೆಗೆ ಹಾಲು, ತುಪ್ಪ, ಮೊಟ್ಟೆ ಚೆನ್ನಾಗಿ ತಿನ್ನಿಸಿ ಅಂದರು. ಇಂಜೆಕ್ಷನ್ನಿಗೆ ದುಡ್ಡು ಹೊಂದಿಸಲು ಅಪ್ಪ ಹಸು ಮಾರಿದ. ನನಗೆ ಹಾಲು ಕುಡಿಸಿ ಅಂತ ಹೇಳಿದವರ ಫೀಸಿಗೆ ಹಾಲು ಕೊಡುವ ಹಸುವನ್ನೇ ಹೊಡೆದುಕೊಂಡು ಹೋದದ್ದು, ನಮ್ಮ ಮನೆಯ ಲೆಕ್ಕಾಚಾರವೇ ಹಾಗೆ. ಅದಾದ ಒಂದು ವಾರಕ್ಕೆ ಬಕೆಟ್ಟಿನ ಹಾಲು ಮನೆಗೆ ಬರಲು ಶುರುವಾಯಿತು. ಅವ್ವ ಅದರಲ್ಲಿ ನನಗೆ ದಿನಕ್ಕೆ ಎರಡು ಲೋಟ ಕುಡಿಸುತ್ತಿದ್ದಳು. ಮೂಗು ಹಿಡಿದು ಕುಡಿಸುತ್ತಿದ್ದಳು ಅಂತಲೇ ಹೇಳಬೇಕು. ಆರು ತಿಂಗಳಿಗೆ ನನ್ನ ಕೆನ್ನೆ ತುಂಬಿದವು. ಕೆನ್ನೆ ತುಂಬಿದ ಮೇಲೂ ಹಾಲು ಬರುವುದು ನಿಲ್ಲಲಿಲ್ಲ. ಬದಲಿಗೆ ನೆಲುವಿಗೆ ಗಡಿಗೆಗಳು ಏರಿದವು.

ಸೌಟಿನ ಕತೆ ಇಲ್ಲೇ ಹೇಳಬೇಕು. ಡೈರಿಗೆ ಅಂತ ಸರಕಾರಿ ಲೆಕ್ಕದಲ್ಲಿ ಕೊಟ್ಟಿದ್ದ ಪುಟ್ಟ ಸೌಟಿನ ಹಿಡಿ ಒಂದು ದಿನ ಮುರಿಯಿತು. ಹಾಲು ಹಾಕುವವರು ಸಾಲುಗಟ್ಟಿ ನಿಂತಿದ್ದರು. ಅಪ್ಪ ಮನೆಗೆ ಓಡಿಬಂದು ಅವ್ವನ ಸಾರಿನ ಸೌಟು ತೊಳೆದು ತೆಗೆದುಕೊಂಡು ಹೋದ. ಅವ್ವ ಕೊತ್ತಗೆರೆಯ ತೌರಿನಿಂದ ತಂದಿದ್ದ ಹಿತ್ತಾಳೆ ಸೌಟು ಅದು, ಹಳೆಯದಕ್ಕಿಂತ ಮೂರು ಪಟ್ಟು ಆಳ. ಹದಿನೈದು ದಿನಕ್ಕೆ ಹೊಸ ಪುಟ್ಟ ಸೌಟು ಬಂತು. ಬಂದದ್ದು ಪ್ಲಾಸ್ಟಿಕ್ ಕವರಿನ ಸಮೇತ ಗೋಡೆಯ ಮೊಳೆಗೆ ತೂಗಿಕೊಂಡಿತು, ಅಲ್ಲಿಂದ ಇಳಿಯಲೇ ಇಲ್ಲ. ನಮ್ಮ ಮನೆಯಲ್ಲಿ ಸಾರು ಬಡಿಸಲು ಅವ್ವ ಗುಬ್ಬಿ ಸಂತೆಯಲ್ಲಿ ಬೇರೆ ಸೌಟು ಕೊಂಡಳು. ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ಸಿದ್ದಮ್ಮಜ್ಜಿಯ ಹೆಸರು ಹೇಳಿದರೆ ಈಗಲೂ ನನಗೆ ನಾಚಿಕೆಯಾಗುತ್ತದೆ. ಊರ ಕೊನೆಯ ಮನೆ, ಗಂಡ ಇಲ್ಲ, ಮಕ್ಕಳಿಲ್ಲ, ಒಂದೇ ಒಂದು ನಾಟಿಹಸು. ಅದು ಹೊತ್ತಿಗೆ ಒಂದು ಲೀಟರು ಕೊಟ್ಟರೆ ಅವತ್ತು ಹಬ್ಬ. ಹತ್ತು ಲೀಟರು ತರುವವರ ಕ್ಯಾನಿಗೂ ಅಪ್ಪ ಅದ್ದುತ್ತಿದ್ದದ್ದು ಅದೇ ಸೌಟು, ಸಿದ್ದಮ್ಮಜ್ಜಿಯ ತಂಬಿಗೆಗೂ ಅದೇ ಸೌಟು. ಅಪ್ಪ ಅದನ್ನು ನ್ಯಾಯ ಅಂತಲೇ ತಿಳಿದಿದ್ದ, ಎಲ್ಲರಿಗೂ ಒಂದೇ ಅಳತೆ. ಕ್ಯಾನಿನವರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಅಜ್ಜಿಯ ತಂಬಿಗೆಯಲ್ಲಿ ಮಾತ್ರ ಹಾಲು ಒಂದು ಬೆರಳು ಕೆಳಗಿಳಿಯುತ್ತಿತ್ತು. ಒಂದು ದಿನ ಅವಳು ಕೇಳಿಯೂ ಬಿಟ್ಟಳು.

“ಸೆಕ್ರೆಟ್ರಪ್ಪ, ನಿನ್ ಸೌಟು ದಪ್ಪ ಆಗೈತಲ್ಲಪ್ಪ?”

“ಸೌಟು ಅದೇ ಕಣಜ್ಜಿ, ನಿನ್ ಹಸು ಸಣ್ಣ ಆಗೈತೆ.”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಬಕೆಟ್ಟಿನ ಪಕ್ಕ ನಿಂತಿದ್ದ ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ, ನಮ್ಮಪ್ಪ ಎಷ್ಟು ಚುರುಕು ಅಂತ. ಅಜ್ಜಿಯೂ ಬೊಚ್ಚುಬಾಯಲ್ಲಿ ಸ್ವಲ್ಪ ನಕ್ಕು ತಂಬಿಗೆ ಸೆರಗಿಗೆ ಒರೆಸಿಕೊಂಡು ಹೋದಳು.

ಅವರೆಕಾಯಿಯ ಕಾಲದಲ್ಲಿ ತುಮಕೂರಿನಿಂದ ಡೈರಿಯ ಲೆಕ್ಕ ನೋಡಲು ಒಬ್ಬ ಆಫೀಸರು ಬಂದರು. ಯಾರೋ ಅರ್ಜಿ ಹಾಕಿದ್ದರಂತೆ, ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಬೆಳಿಗ್ಗೆಯಿಂದ ರಿಜಿಸ್ಟರುಗಳನ್ನು ತಿರುವಿ ಹಾಕಿದರು, ಎಲ್ಲ ನೇರ್ಪಾಗಿತ್ತು. ಅಪ್ಪನ ಬರಹ ಮುತ್ತಿನಂಥದ್ದು. ಟೀ ಅಂಗಡಿಗೆ ಹಾಕಿದ ಹಾಲಿಗೆ ಚೀಟಿ ಇತ್ತು. ಮನೆಗೆ ಬಂದ ಹಾಲಿಗೆ ಚೀಟಿ ಎಲ್ಲಿಂದ ಬರಬೇಕು? ಅದು ಬಕೆಟ್ಟಿನಲ್ಲಿ ಇತ್ತು ಅಂತ ಕಾಗದಕ್ಕೆ ಗೊತ್ತೇ ಇರಲಿಲ್ಲ. ಮಧ್ಯಾಹ್ನಕ್ಕೆ ಅವರು ಪೆನ್ನಿಗೆ ಮುಚ್ಚಳ ಹಾಕಿ, ಊರಿಗೆ ಹೊರಡುತ್ತೇನೆ ಅಂದರಂತೆ. ಅಲ್ಲಿಗೆ ಬಿಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಹೊತ್ತು ಊಟದ್ದು, ಬಂದವರು ದೊಡ್ಡವರು. ಅವರನ್ನು ಹಸಿದುಕೊಂಡು ಕಳಿಸಿದರೆ ಊರು ಏನಂದೀತು? ಅಪ್ಪ ಕೈಮುಗಿದು ಮನೆಗೆ ಕರೆದುಕೊಂಡು ಬಂದ.

ನಡುಮನೆಯಲ್ಲಿ ಚಾಪೆ ಹಾಸಿ ಬಾಳೆಲೆ ಹಾಕಿದೆವು. ಬಿಸಿ ಮುದ್ದೆ, ಹಿದುಕಿದ ಅವರೆಬೇಳೆ ಸಾರು, ಒಬ್ಬಟ್ಟು. ಅವ್ವ ಅವತ್ತು ತೌರಿನವರಿಗೂ ಮಾಡದ ಮರ್ಯಾದೆ ಮಾಡಿದಳು. ಮುದ್ದೆಗೆ ಗುಳಿ ಮಾಡಿ ತುಪ್ಪ ಹುಯ್ದಳು, ಸಾರಿಗೆ ಹುಯ್ದಳು, ಒಬ್ಬಟ್ಟಿನ ಮೇಲಂತೂ ಎಲೆಯಿಂದ ಹೊರಗೆ ಹರಿಯುವ ಹಾಗೆ ಹುಯ್ದಳು. ಆಫೀಸರು ಸಾಕಮ್ಮ ಸಾಕು ಅನ್ನುತ್ತಲೇ ಬೆರಳು ನೆಕ್ಕಿಕೊಂಡರು.

“ತುಪ್ಪ ಘಮ್ಮಂತಿದೆಯಲ್ಲಮ್ಮ. ಮನೇದಾ?”

“ಮನೇದೇ ಸಾರ್. ನಾವು ಅಂಗಡಿ ತುಪ್ಪ ಮುಟ್ಟಲ್ಲ.”

ಅವ್ವನ ದನಿಯಲ್ಲಿ ಎಷ್ಟು ಹೆಮ್ಮೆ ಇತ್ತು ಅಂದರೆ, ಅಪ್ಪ ತಲೆ ಎತ್ತಿದ್ದನ್ನು ಅವಳು ನೋಡಲೇ ಇಲ್ಲ. ನಾನು ನೋಡಿದೆ, ಅರ್ಥವಾಗಲಿಲ್ಲ.

ಕೈ ತೊಳೆಯಲು ಅವರನ್ನು ಹಿತ್ತಿಲಿಗೆ ಕರೆದುಕೊಂಡು ಹೋದದ್ದು ನಾನು. ಚೊಂಬಿನಿಂದ ನೀರು ಹಾಕುತ್ತಿದ್ದೆ. ಅವರು ಕೊಟ್ಟಿಗೆಯ ಕಡೆ ನೋಡಿ, ತುಂಬಾ ಸಲೀಸಾಗಿ ಕೇಳಿದರು.

“ಹಸು ಮೇಯಕ್ಕೆ ಹೋಗಿದ್ಯಾ ಪುಟ್ಟಿ?”

“ನಮಗೆ ಹಸು ಇಲ್ಲ ಸಾರ್. ಮಾರಿಬಿಟ್ವಿ.”

“ಯಾವಾಗ?”

“ನಂಗೆ ಹುಷಾರಿರ್ಲಿಲ್ವಲ್ಲ, ಮೂರ್ನೇ ಕ್ಲಾಸಲ್ಲಿ, ಆವಾಗ.”

“ಮತ್ತೆ ತುಪ್ಪ?”

“ಸ್ಯಾಂಪಲ್ ಹಾಲು ಬರುತ್ತಲ್ಲ ಸಾರ್, ಹಸು ಯಾಕೆ?”

ಶಾಲೆಯಲ್ಲಿ ಇನ್‌ಸ್ಪೆಕ್ಟರು ಬಂದಾಗ ಎದ್ದು ನಿಂತು ಸ್ಪಷ್ಟವಾಗಿ ಉತ್ತರ ಹೇಳಬೇಕು ಅಂತ ಕಲಿಸಿದ್ದರು. ಹಾಗೇ ಹೇಳಿದೆ. ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ಕರ್ಚೀಫಿನಿಂದ ಕೈ ಒರೆಸಿಕೊಂಡು ನನ್ನ ತಲೆ ಸವರಿ ಒಳಗೆ ಹೋದರು. ಎಲೆ ಅಡಿಕೆ ಹಾಕಿಕೊಂಡರು. ಆಮೇಲೆ ಅಪ್ಪನಿಗೆ, ನಡೀರಿ ಇನ್ನೊಂದು ಸಲ ಡೈರಿಗೆ ಹೋಗೋಣ, ಸ್ಯಾಂಪಲ್ ತೆಗೆಯೋ ಸೌಟು ತೋರಿಸಿ ಅಂದರು. ಒಬ್ಬಟ್ಟು ತಿಂದ ಕೈಯಲ್ಲೇ ರಿಪೋರ್ಟು ಬರೆದರಲ್ಲ ಅಂತ ಅವ್ವ ಸಾಯುವವರೆಗೂ ಅವರನ್ನು ಶಪಿಸಿದಳು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಕೆಲಸ ಮಾಡಲು ಬಂದವರಿಗೆ ಸಾಕ್ಷಿಯನ್ನು ಎಲೆಯ ಮೇಲೆ ಬಡಿಸಿದವರು ನಾವೇ.

ಆ ಸಂಜೆ ನಡೆದಂಥ ಜಗಳವನ್ನು ನಮ್ಮ ಮನೆಯ ಗೋಡೆಗಳು ಅಲ್ಲಿಯವರೆಗೆ ಕೇಳಿರಲಿಲ್ಲ. ಅವ್ವ ಮೊದಲು ನನ್ನ ಬೆನ್ನಿಗೆ ಎರಡು ಬಾರಿಸಿದಳು.

“ಬಾಯಿ ಬಿಗಿ ಹಿಡಿಯಕ್ಕೆ ಏನಾಗಿತ್ತು ನಿಂಗೆ? ತಿಂದಿದ್ದು ನೀನೇ, ಹೇಳಿದ್ದೂ ನೀನೇ!”

“ಅವಳ್ನ ಹೊಡೀಬೇಡ ಬುಡು,” ಅಂದ ಅಪ್ಪ ಜಗಲಿಯಿಂದ. “ಸುಳ್ಳು ಹೇಳು ಅಂತ ನಾವೇನ್ ಹೇಳ್ಕೊಟ್ಟಿದ್ವಾ? ನೀನು ತುಪ್ಪ ಸುರಿಯೋವಾಗ ಕೈ ಹಿಡೀಲಿಲ್ಲ.”

“ಊಟಕ್ಕೆ ಕರ್ಕೊಂಡ್ ಬಂದೋರು ಯಾರು? ನಾನಾ?”

ಅಜ್ಜಿ, ಅಂದರೆ ಅಪ್ಪನ ತಾಯಿ, ಕಂಬಕ್ಕೆ ಒರಗಿ ಅವರೆಕಾಯಿ ಸುಲಿಯುತ್ತಿದ್ದವಳು ಒಂದೇ ಮಾತು ಹೇಳಿದಳು.

“ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಕಣ್ರೋ. ಈಗ ಉಣ್ಣೋಕೇಳಿ.”

ಅವತ್ತು ಯಾರೂ ಉಣ್ಣಲಿಲ್ಲ. ತಿಂದಿದ್ದು ನೀನೇ, ಹೇಳಿದ್ದೂ ನೀನೇ ಅನ್ನುವ ಅವ್ವನ ಮಾತು ನನ್ನೊಳಗೆ ಮುಳ್ಳಿನ ಹಾಗೆ ಮುರಿದು ಕೂತಿತು. ನನ್ನ ಮೈಯಲ್ಲಿದ್ದ ರಕ್ತವೆಲ್ಲ ಆ ಬಕೆಟ್ಟಿನದು ಅನ್ನಿಸಿತು.

ತಿಂಗಳೊಪ್ಪತ್ತಿನಲ್ಲಿ ಆರ್ಡರು ಬಂತು. ಅಪ್ಪನನ್ನು ಕೆಲಸದಿಂದ ತೆಗೆದಿದ್ದರು. ಟೈಪು ಮಾಡಿದ ಹಾಳೆಯನ್ನು ಅಪ್ಪನ ಕೈಯಲ್ಲೇ ಡೈರಿಯ ನೋಟಿಸ್ ಬೋರ್ಡಿಗೆ ಅಂಟಿಸಿದರು. ಎಲ್ಲ ಕನ್ನಡದಲ್ಲಿದ್ದು ಮಧ್ಯೆ ಒಂದು ಪದ ಮಾತ್ರ ‘ಡಿಫಾಲ್ಕೇಶನ್’ ಅಂತ ಇತ್ತು. ಕಳ್ಳತನ ಅಂತ ಬರೆದಿದ್ದರೆ ಊರು ನಾಲ್ಕು ದಿನ ಆಡಿಕೊಂಡು ಮರೆಯುತ್ತಿತ್ತು. ಇದು ಏನೋ ಅಂತ ತಿಳಿಯದೆ ಎಲ್ಲರೂ ತಮಗೆ ತೋಚಿದಷ್ಟು ದೊಡ್ಡದು ಮಾಡಿಕೊಂಡರು. ಕೊಲೆಗಿಂತ ಒಂದು ಮೆಟ್ಟಿಲು ಕೆಳಗಿನದು ಅಂತ ಒಬ್ಬರು, ಸರಕಾರದ ಮೇಲೆ ದಂಗೆ ಎದ್ದ ಹಾಗೆ ಅಂತ ಇನ್ನೊಬ್ಬರು. ಅದೇನು ಕಾಯಿಲೆನಾ ಅಂತ ನಮ್ಮ ಅಜ್ಜಿಯನ್ನೇ ಬಾವಿಯ ಹತ್ತಿರ ಯಾರೋ ಕೇಳಿದರಂತೆ. ಶಾಲೆಯಲ್ಲಿ ಹುಡುಗರು ನನ್ನನ್ನು ಆ ಪದದಿಂದಲೇ ಕರೆಯತೊಡಗಿದರು. ಉಚ್ಚಾರ ಬಾರದೆ ತೊದಲುತ್ತಿದ್ದರೂ ಬಿಡುತ್ತಿರಲಿಲ್ಲ.

ಅಪ್ಪ ಜಗಲಿ ಬಿಟ್ಟು ಏಳುವುದನ್ನೇ ನಿಲ್ಲಿಸಿದ. ಯಾರಾದರೂ ಮಾತಾಡಿಸಿದರೆ ಒಂದೇ ಮಾತು: ನಾನು ಕದ್ದಿಲ್ಲ, ಎಲ್ಲಾ ಡೈರೀಲೂ ನಡೆಯೋದೇ. ನನಗೆ ಅದು ನಿಜವಾಗಬೇಕಿತ್ತು. ಅಪ್ಪ ಕಳ್ಳನಲ್ಲ ಅಂತ ಎಲ್ಲೋ ಒಂದು ಕಡೆ ಅಚ್ಚಾಗಿರಬೇಕಿತ್ತು. ಆ ಪದಕ್ಕೆ ಊರಿಗೆ ಗೊತ್ತಿಲ್ಲದ ಒಂದು ಒಳ್ಳೆಯ ಅರ್ಥ ಇದ್ದೇ ಇರುತ್ತದೆ ಅಂತ ನಂಬಿ, ಕಡಬದ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರ ಹತ್ತಿರ ಹೋದೆ. ಅವರ ಬೀರುವಿನಲ್ಲಿ ನ್ಯೂಸ್‌ಪೇಪರಿನ ರಟ್ಟು ಹಾಕಿದ ದಪ್ಪ ಡಿಕ್ಷನರಿ ಇತ್ತು. ಯಾಕೆ ಅಂತ ಅವರು ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಕನ್ನಡಕ ಏರಿಸಿ ಸಣ್ಣಕ್ಷರವನ್ನು ಬೆರಳಿಟ್ಟು ಓದಿದರು.

“ಲ್ಯಾಟಿನ್ ಭಾಷೆಯಿಂದ ಬಂದಿದ್ದು ಕಣಮ್ಮ. ಅದರಲ್ಲಿ ಫಾಲ್ಕ್ಸ್ ಅಂದ್ರೆ ಕುಡುಗೋಲು. ಕುಡುಗೋಲಿಂದ ಕುಯ್ದು ತೆಗೆಯೋದು ಅಂತ ಮೂಲ. ಮೊದ್ಲು ಬರೀ ಕಡಿತ ಮಾಡೋದು, ಇಷ್ಟರಲ್ಲಿ ಇಷ್ಟು ಮುರ್ಕೊಳ್ಳೋದು ಅಂತ ಇತ್ತು.”

“ಆಮೇಲೆ ಸಾರ್?”

ಅವರು ಪುಸ್ತಕ ಮುಚ್ಚಿ, ರಟ್ಟನ್ನು ಅಂಗೈಯಿಂದ ಸವರಿದರು.

“ಆಮೇಲೆ, ನಂಬಿ ಕೈಗೆ ಕೊಟ್ಟಿದ್ದನ್ನ ತಿನ್ನೋದು ಅಂತ ಆಯ್ತು. ಈಗ ಇರೋದು ಅದೇ ಅರ್ಥ.”

ಮುಂದೆ ನಾನು ಕುಣಿಗಲ್ಲಿನ ಶಾಲೆಯೊಂದರಲ್ಲಿ ಬಹಳ ವರ್ಷ ಇಂಗ್ಲಿಷ್ ಪಾಠ ಮಾಡಿದೆ. ಒಂದು ಪದಕ್ಕೆ ಎಲ್ಲ ಅರ್ಥವನ್ನೂ ಬರೆದುಕೊಳ್ಳಿ, ಬೇಕಾದ್ದನ್ನು ಮಾತ್ರ ಆರಿಸಬೇಡಿ ಅಂತ ಮಕ್ಕಳನ್ನು ಗದರುತ್ತಿದ್ದೆ. ಅವತ್ತು ನಾನು ಮಾಡಿದ್ದು ಮಾತ್ರ ಅದೇ. ಎರಡು ಮೈಲಿ ಓಡಿಬಂದು ಕುಡುಗೋಲಿನ ವಿಷಯವನ್ನಷ್ಟೇ ಅಪ್ಪನಿಗೆ ಹೇಳಿದೆ, ಮೇಷ್ಟ್ರ ಕೊನೆಯ ಮಾತನ್ನು ಏರಿಯ ಮೇಲೆಯೇ ಬಿಟ್ಟು ಬಂದಿದ್ದೆ. ಅಪ್ಪ ಎಷ್ಟೋ ದಿನದ ಮೇಲೆ ನೆಟ್ಟಗೆ ಕೂತ.

“ನೋಡಿದ್ಯಾ? ಕುಯ್ಲು ಮಾಡಿದೋನಿಗೆ ಒಂದು ಹೊರೆ ಇಲ್ವಾ? ಕಣದಲ್ಲಿ ಕಮ್ಮಾರಂಗೆ ಕೊಡಲ್ವಾ, ಕ್ಷೌರದೋನಿಗೆ ಕೊಡಲ್ವಾ? ನಾನೂ ಎರಡೊತ್ತು ಅಲ್ಲಿ ಸೊಂಟ ಮುರ್ಕೊಂಡಿಲ್ವಾ?”

ಅವನ ಮುಖದಲ್ಲಿ ಬಂದ ಬೆಳಕನ್ನು ನೋಡಿ ನನಗೆ ಅಳು ಬಂತು, ಸಂತೋಷಕ್ಕೆ. ಆ ಬೆಳಕು ಉಳಿದದ್ದು ಅಜ್ಜಿ ಬಾಯಿ ತೆರೆಯುವವರೆಗೆ ಮಾತ್ರ. ನಮ್ಮ ಕಡೆ ರಾಗಿ ಒಕ್ಕಿದ ಮೇಲೆ ಕಣದಲ್ಲೇ, ರಾಶಿ ಪೂಜೆ ಮಾಡಿ, ಊರ ಕೆಲಸದವರಿಗೆಲ್ಲ ಅವರವರ ಪಾಲು ಅಳೆದು ಕೊಡುತ್ತಿದ್ದರು. ಅದಕ್ಕೆ ಆಯ ಅನ್ನುತ್ತಿದ್ದರು. ಎಷ್ಟೋ ಸುಗ್ಗಿಯಲ್ಲಿ ತನ್ನ ಕೈಯಾರೆ ಮೊರದಲ್ಲಿ ಮೊಗೆದು ಕೊಟ್ಟವಳು ಅಜ್ಜಿ.

“ಕುಡ್ಲು ಒಂದೇ ಕಣೋ ಮಗ,” ಅಂದಳು. “ಕಣದಲ್ಲಿ ನಾಕ್ ಜನದ ಎದುರಿಗೆ, ಕೊಡೋನು ಕೊಟ್ಟಿದ್ದು ಈಸ್ಕಂಡ್ರೆ ಅದು ಆಯ. ಹೊಲದ ಒಡೆಯ ಅತ್ಲಾಗೆ ತಿರುಗ್ದಾಗ ನಿಂತಿರೋ ಪೈರು ಕುಯ್ಕಂಡ್ರೆ ಅದು ಬೇರೆ. ನೀನು ಕೊಡ್ರಪ್ಪ ಅಂತ ಯಾರ್ನಾದ್ರೂ ಕೇಳಿದ್ಯಾ?”

ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಬಿಟ್ಟು ಬಂದಿದ್ದ ಅರ್ಧವನ್ನು ಅವಳು ಡಿಕ್ಷನರಿ ನೋಡದೆಯೇ ಹೇಳಿಬಿಟ್ಟಿದ್ದಳು. ನಾನು ಎದ್ದು ಕೊಟ್ಟಿಗೆಗೆ ಹೋಗಿ ಮಟ್ಟೆಯ ರಾಶಿಯ ಹಿಂದೆ ಕೂತೆ, ಈ ಸಲ ನನ್ನನ್ನು ಯಾರೂ ಹುಡುಕಲಿಲ್ಲ.

ಮೂರು ವರ್ಷದ ಹಾಲಿನ ದುಡ್ಡನ್ನು ಡೈರಿಗೆ ಕಟ್ಟಲು ತೆಂಗಿನ ತೋಟದ ಫಸಲನ್ನು ಎರಡು ವರ್ಷಕ್ಕೆ ಬಿಟ್ಟುಕೊಟ್ಟೆವು. ನೆಲುವುಗಳು ಒಂದೊಂದಾಗಿ ಖಾಲಿಯಾದವು. ಹಿತ್ತಾಳೆ ಸೌಟನ್ನು ಯಾರೋ ಜಗಲಿಯ ಮೇಲೆ ತಂದಿಟ್ಟು ಹೋಗಿದ್ದರು, ಅವ್ವ ಅದನ್ನು ಅಟ್ಟಕ್ಕೆ ಎಸೆದಳು. ಮನೆಯಲ್ಲಿ ಕರಿಕಾಫಿ ಶುರುವಾಯಿತು. ನಾನು ಮತ್ತೆ ಸೊರಗಿದೆ, ಕೆಮ್ಮು ಬಂತು. ಹಳೆಯ ಕಾಯಿಲೆಯೇ ಮರುಕಳಿಸಿತು ಅಂತ ಅವ್ವ ಹೆದರಿ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಡೈರಿಗೆ ಹೋಗಿ ದುಡ್ಡು ಕೊಟ್ಟು ಅರ್ಧ ಲೀಟರು ತರಬಹುದಿತ್ತು. ಆ ಬಾಗಿಲಿಗೆ ನಮ್ಮಲ್ಲಿ ಯಾರು ಹೋಗಬೇಕು?

ಒಂದು ಬೆಳಿಗ್ಗೆ ಸಿದ್ದಮ್ಮಜ್ಜಿ ನಮ್ಮ ಜಗಲಿಯ ಮುಂದೆ ಬಂದು ನಿಂತಳು. ಕೈಯಲ್ಲಿ ಅದೇ ತಂಬಿಗೆ. ಬಯ್ಯಲು ಬಂದಿದ್ದಾಳೆ ಅಂತ ನಾನು ನಮ್ಮಜ್ಜಿಯ ಬೆನ್ನ ಹಿಂದೆ ಸರಿದೆ. ಅಪ್ಪ ಧಡಕ್ಕನೆ ಎದ್ದು ನಿಂತ.

“ಒಂದು ಪಾತ್ರೆ ತಾರವ್ವ,” ಅಂದಳು ಅವ್ವನಿಗೆ. “ಮಗು ಕೆಮ್ಮೋದು ನಮ್ಮನೆಗಂಟ ಕೇಳುತ್ತೆ.”

ಅವ್ವ ಕಲ್ಲಿನ ಹಾಗೆ ನಿಂತುಬಿಟ್ಟಳು. ನಮ್ಮಜ್ಜಿಯೇ ಒಳಗೆ ಹೋಗಿ ಒಂದು ಚೊಂಬು ತಂದು ಹಿಡಿದಳು. ಸಿದ್ದಮ್ಮಜ್ಜಿ ತಂಬಿಗೆಯನ್ನು ಪೂರ್ತಿ ಬಗ್ಗಿಸಿದಳು. ಅಳೆಯಲಿಲ್ಲ, ತಳದಲ್ಲಿ ಒಂದು ಗುಟುಕನ್ನೂ ಉಳಿಸಿಕೊಳ್ಳಲಿಲ್ಲ. ಅವತ್ತು ಬೆಳಿಗ್ಗೆ ಅವಳು ಡೈರಿಗೆ ಏನೂ ಹಾಕಿರಲಿಕ್ಕಿಲ್ಲ. ಆಮೇಲೆ ಅಪ್ಪನ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು.

“ಮಗೀಗೆ ಅಂತ ಕೇಳಿದ್ರೆ ನಾನು ಕೊಡ್ತಿರ್ಲಿಲ್ವಾ ಸೆಕ್ರೆಟ್ರಪ್ಪ?”

ನಾನು ಕದ್ದಿಲ್ಲ, ಎಲ್ಲಾ ಡೈರೀಲೂ ನಡೆಯೋದೇ ಅನ್ನುವ ಮಾತು ಈಗ ಬರುತ್ತದೆ ಅಂತ ಕಾದೆ. ಅಪ್ಪ ಎರಡೂ ಕೈ ಜೋಡಿಸಿದ. ಸಿದ್ದಮ್ಮಜ್ಜಿ ಸೆರಗಿಗೆ ತಂಬಿಗೆ ಒರೆಸಿಕೊಂಡು ಹೊರಟುಹೋದಳು. ಆ ದಿನದಿಂದ ಅಪ್ಪ ತಾನು ಕದ್ದಿಲ್ಲ ಅಂತ ಯಾರ ಹತ್ತಿರವೂ ಹೇಳಲಿಲ್ಲ.

ಅವ್ವ ಹಾಲು ಕಾಯಿಸಿ ಲೋಟಕ್ಕೆ ಬಗ್ಗಿಸಿ ನನ್ನ ಮುಂದೆ ಇಟ್ಟಳು. ನನಗೆ ಮುಟ್ಟಲು ಕೈ ಬರಲಿಲ್ಲ. ಅಪ್ಪನ ಮುಖ ನೋಡಿದೆ.

“ಕುಡಿಯಮ್ಮ,” ಅಂದ ಅಪ್ಪ. ಅಂದು ಗೋಡೆಯ ಕಡೆ ತಿರುಗಿಕೊಂಡ.

ಕುಡಿದೆ. ತೆಳ್ಳಗಿನ ಹಾಲು, ಸ್ವಲ್ಪ ಹಸಿ ಹುಲ್ಲಿನ ವಾಸನೆ. ನಮ್ಮ ಮನೆಗೆ ಆ ಮೂರು ವರ್ಷದಲ್ಲಿ ಬಂದ ಅಷ್ಟೊಂದು ಹಾಲಿನಲ್ಲಿ, ಇದು ಯಾರ ಮನೆಯ ಹಸುವಿನದು ಅಂತ ನನಗೆ ಗೊತ್ತಿದ್ದದ್ದು ಆ ಒಂದು ಲೋಟ ಮಾತ್ರ.